ಅದರಂಥದ್ದೇ

ವಾಲ್ಸಾಲ್ ಸಂತೆ, ಶನಿವಾರ. ಟ್ರೆವರನ ಟಾರ್ಪಾಲಿನಡಿ
ನಮ್ಮ ಗಡಿಯಾರಗಳಿಗೆಲ್ಲ ಒಂದೇ ಹೊತ್ತು, ಹತ್ತೂ ಹತ್ತು.
ಕೀಲಿಯಡಿ ಸಿಕ್ಕಿಸಿದ ಪ್ಲಾಸ್ಟಿಕ್ ಚೂರು ಎಳೆಯುವವರೆಗೆ
ಯಾವ ಮುಳ್ಳೂ ಯಾರನ್ನೂ ಚುಚ್ಚುವುದಿಲ್ಲ.

ಬಂದಳು ಶನೆಲ್, ಸಲೂನಿನ ಹೊಸ ಹುಡುಗಿ,
ಫೋನನ್ನು ನನ್ನ ಮೂಗಿನವರೆಗೆ ಹಿಡಿದು:
ವಿಮಾನ ಇಳಿಯುತ್ತ ಯಾರೋ ತಾರೆ
ಕೂದಲು ಸರಿಸುವ ನೆಪದಲ್ಲಿ ಮಣಿಕಟ್ಟು ಮಾರುತ್ತಿದ್ದಾಳೆ.
"ಇದೇ ಇದೆಯಾ?"
"ಇದರಂಥದ್ದೇ ಇದೆ" ಅಂದೆ.
ಆ ಎರಡು ಮಾತಿನ ಸಂದಿಯಲ್ಲೇ
ಟ್ರೆವರನ ಮನೆಬಾಡಿಗೆ, ನನ್ನ ಬಸ್ ಪಾಸು.

ಗುಲಾಬಿ ಚಿನ್ನದ ಬಣ್ಣ. ಒಳಗೆ ಮೂರು ಮರಿಮುಖ,
ಮೂರೂ ಬರೆದದ್ದು, ತಿರುಗುವುದಿಲ್ಲ ಎಂದು ಹೇಳಿಯೇಬಿಟ್ಟೆ.
ಟ್ರೆವರ್ ಕೆಮ್ಮಿದ.
"ಫೋಟೋದಲ್ಲಿ ಯಾವುದು ತಿರುಗುತ್ತೆ?" ಅಂದಳು,
ಟಿಪ್ಸಿನ ಚಿಲ್ಲರೆಯಲ್ಲಿ ಹನ್ನೆರಡು ಪೌಂಡು ಎಣಿಸಿದಳು.

ಬೇಸಿಗೆ ಮುಗಿಯುವಷ್ಟರಲ್ಲಿ ತಾರೆಯ ಕೈ ಬರಿದು.
ಬರಿಗೈಯೇ ಈಗಿನ ಚೆಂದವಂತೆ.
ಬರಿಗೈಗೆ ಏನು ಮಾರೋದು ಹೇಳಿ?
ಮೂರು ಡಬ್ಬ ಗುಲಾಬಿ ಚಿನ್ನ ವ್ಯಾನಿನಲ್ಲೇ ಉಳಿಯಿತು.

ನವೆಂಬರಿನಲ್ಲಿ ಮತ್ತೆ ಶನೆಲ್.
ಬದಲಿಸಲು ಬಂದಳು ಅಂದುಕೊಂಡೆ. ಅಲ್ಲ,
ಸೆಲ್ಲು ಹೋಗಿದೆಯಂತೆ.
ಬಣ್ಣ ಮೆತ್ತಿದ ಕೈಯಲ್ಲಿ ಫೋನು ಮುಟ್ಟುವಂತಿಲ್ಲ,
ಮೂವತ್ತೈದು ನಿಮಿಷ ದಾಟಿದರೆ
ಗಿರಾಕಿಯ ತಲೆ ಕಿತ್ತಳೆ.
ಪಟ್ಟಿಯ ಮೇಲೆ ನೇರಳೆ ಕಲೆ, ಗಾಜಿಗೊಂದು ಗೀರು,
ಚಿನ್ನ ಸುಲಿದು ಒಳಗಿನ ಬೂದಿಬಣ್ಣ ಇಣುಕುತ್ತಿತ್ತು.
ಅದರಂಥದ್ದು ಇನ್ನೊಂದು
ನನ್ನ ಯಾವ ಡಬ್ಬದಲ್ಲೂ ಇರಲಿಲ್ಲ.

ಹೊಸ ಸೆಲ್ಲು ಹಾಕಿ, ಗಂಟೆಯೆಷ್ಟು ಅಂತ ಟ್ರೆವರನನ್ನು ಕೇಳಿದೆ.
ಇಷ್ಟು ಗಡಿಯಾರಗಳ ನಡುವೆ ನಿಂತು
ಅವನು ಜೇಬಿನಲ್ಲಿ ಫೋನು ತಡಕಾಡಿದ.