ಪಟಗಾದ ಬಾಡಿಗೆ

ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲ ಮ್ಯಾಲೆ
ನನ್ನ ಕುಂದ್ರಿಸಿ ತಲಿಗೆ ಸುತ್ತಿದ್ರು ಪಟಗಾ.
ಕೆಂಪು. ಜರಿ ಅಂಚು. ಹುಬ್ಬಳ್ಳಿಯ ನಾಟಕದ ಸಾಮಾನಿನಂಗಡಿದು,
ಬೆವರಿನ ವಾಸನಿ ಯಾವ ರಾಜಂದೋ ಏನೋ.
ಹುಟ್ಟಿದಾಗಿಂದ ನಾ ಪಟಗಾ ಸುತ್ತಿಲ್ಲ,
ನಮ್ಮಪ್ಪ ಸುತ್ತಿಲ್ಲ; ಅವಂದು ಕರೀ ಟೊಪಿಗಿ,
ಗದಗಿನ ಸ್ಟೇಶನ್ ರೋಡಿನ್ಯಾಗ ಬಟ್ಟಿ ಅಂಗಡಿ,
ಗಜಕೋಲು ಕುಟ್ಟಿದ್ರ ಗಿರಾಕಿ ಚೌಕಾಸಿ ನಿಲ್ಲಿಸತಿದ್ರು.

"ಹಳ್ಳಿ ಮನಿಷಾ ಅಂದ್ರ ಪಟಗಾ ಬೇಕ್ರಿ ಸರ"
ಅಂದ ಕ್ಯಾಮೆರಾದ ಹುಡುಗ.
ಸರ ಅಂದ್ರ ರಾಜೇಸಾಬ. ನದಾಫರ ರಾಜೇಸಾಬ.
ನಮ್ಮ ಮನಿಯ ಅಷ್ಟೂ ಗಾದಿ ತುಂಬಿದ್ದು ಅವರಪ್ಪ.
ಅರಳಿ ಹಿಂಜಿ ಸಾಲಿಗೆ ಬರತಿದ್ದ ಮಗ
ಹುಬ್ಬಿನ ತನಕ ಬೆಳ್ಳಗ,
ನಾವು 'ಮುದುಕಾ' ಅಂತಿದ್ವಿ.
ಈಗ ಐವತ್ತೆರಡು. ತಲಿ ಕರ್ರಗ ಮಿಂಚತೈತಿ.

"ಕಲ್ಲು ಎಲ್ಲಾ ಊರಾಗೂ ಅದಾವ ಮುರಿಗೆಪ್ಪ,
ಜಾಹೀರಾತಿಗೆ ಮುಖ ಬೇಕು" ಅಂದಿದ್ದ.
ನನ್ನ ಮುಖ ಆವಾಗ ಗಿರಮಿಟ್ಟಿನ ಗಾಡಿ ಹಿಂದ
ಮಿರ್ಚಿ ಕರಿಯೋ ಹೊಗಿಗೆ ಕಣ್ಣು ಸಣ್ಣ ಮಾಡಿ ನಿಂತಿತ್ತು.
ಆ ಸುಕ್ಕು ಅವಂಗ ಬೇಕಾಗಿತ್ತಂತ.
"ತಲಿ ತಲಾಂತರದ ಬಿಸಲು" ಅಂದ.
ಬಿಸಲಲ್ಲೋ, ಎಣ್ಣಿ.
ಹದಿನಾಲ್ಕು ವರ್ಷದ್ದು, ಅಂಗಡಿ ಹೋದ ಮ್ಯಾಲಿಂದು.
ಹಂಗ ಅನ್ನಲಿಲ್ಲ.

"ಚಪ್ಪಲ್ ತಗೀರಿ ಕಾಕಾ, ಬರಿಗಾಲು ಛಲೋ ಬರತೈತಿ."
ಮಾರ್ಚಿನ ಹನ್ನೊಂದು ಗಂಟಿ, ಕಲ್ಲು ಕಾದಿತ್ತು.
ರಾಜೇಸಾಬ ಕೆಳಗ ನೀರು ನೋಡತಿದ್ದ.

ಹತ್ತನೇ ಇಯತ್ತೆಯ ಫೋಟೋದಾಗ
ನಾ ಹೆಡ್ ಮಾಸ್ತರ ಮಗ್ಗಲಕ, ಬಾಟಾ ಬೂಟು ಮುಂದ ಚಾಚಿ.
ಅಂವ ಕಡೀ ಸಾಲಿನ ತುದಿಗೆ, ಬೆಂಚಿನ ಮ್ಯಾಲೆ.
ಬರಿಗಾಲಿನವರನ್ನೆಲ್ಲಾ ಹಿಂದ ನಿಲ್ಲಿಸಿದ್ರು, ಕಾಣಬಾರದಂತ.
ಕಾಲು ಕಾಣಲಿಲ್ಲ. ಮುಖಾನೂ ಅಲುಗಿತ್ತು.
ಪ್ರತಿಗೆ ಹನ್ನೆರಡು ರೂಪಾಯಿ, ಅಂವ ಕೊಂಡಿರಲಿಕ್ಕಿಲ್ಲ.
ನಂದು ಮನಿ ಖಾಲಿ ಮಾಡುವಾಗ ಯಾವ ಟ್ರಂಕಿನ್ಯಾಗ ಹೋತೋ.

ನೆನಪೈತೇನೋ, ಅಂತ ಕೇಳಾಕ ಬಾಯಿ ತಗದೆ.
"ಹಂಗ ಇರ್ರಿ ಕಾಕಾ, ನಗರಿ!"
ನಕ್ಕೆ.

ಮುಗದು ಎದ್ರ ಚಪ್ಪಲ್ ಬಿಟ್ಟಲ್ಲಿ ಇರಲಿಲ್ಲ.
ಯಾರೋ ಗ್ವಾಡಿಯ ನೆರಳಿಗೆ ಸರಿಸಿ ಇಟ್ಟಿದ್ರು,
ಜೋಡಿ ಮಾಡಿ, ಕಾಲು ತೂರಿಸಾಕ ಬರೋಹಂಗ.
ಯಾರಂತ ಕೇಳಲಿಲ್ಲ.
ಅಂವ ಕಾರಿನ್ಯಾಗ ಕುಂತು ಫೋನಿನ್ಯಾಗ ಮಾತಾಡತಿದ್ದ,
ಕನ್ನಡಿ ಏರಿಸಿತ್ತು. ಒಳಗಿಂದ ಒಂದು ಕೈ ಎತ್ತಿದ.

ವೋಚರಿಗೆ ಸಹಿ ಮಾಡಿಸಿಕೊಂಡ ಹುಡುಗ:
ಸ್ಥಳೀಯ ವ್ಯಕ್ತಿ, ಒಂದು: ಐನೂರು.
ಪಟಗಾ, ಒಂದು, ದಿನದ ಬಾಡಿಗೆ: ಆರನೂರಾ ಐವತ್ತು.
ಆವಾಗ ಖರೇನ ನಗು ಬಂತು,
ಕ್ಯಾಮೆರಾ ಚೀಲದಾಗ ಹೋಗಿತ್ತು.

ಎಣ್ಣಿ ಡಬ್ಬಿ ತರಾಕ ಹುಬ್ಬಳ್ಳಿಗೆ ಹೋದಾಗ ಕಂಡೆ,
ಗೋಕುಲ ರೋಡಿನ ಮ್ಯಾಲೆ, ವಿಮಾನ ಇಳದವರಿಗೆ ಕಾಣೋಹಂಗ,
ಮೂರಂತಸ್ತಿನ ನಾನು.
'ಬರ್ರಿ, ಕುಂದರ್ರಿ, ಇತಿಹಾಸ ಉಣ್ರಿ.'
ಆವತ್ತ ನಾ ಅಂದದ್ದು,
'ಲಗೂನ ಮುಗಸ್ರಿ, ಚುರುಮರಿ ಮೆತ್ತಗಾಕ್ಕಾವ.'
ಬೋರ್ಡಿನ ಬುಡಕ, ನನ್ನ ಬರಿಗಾಲಿನ ಕೆಳಗ
ಒಬ್ಬಾಂವ ಗ್ವಾಡಿ ಕಡೆ ಮುಖ ಮಾಡಿ ಉಚ್ಚಿ ಹೊಯ್ಯತಿದ್ದ.
ಬಸ್ಸಿನ್ಯಾಗ ಕಂಡಕ್ಟರ್ ನನ್ನ ಮುಖ ನೋಡಿದ,
ಚಿಲ್ಲರ ಕೇಳಿದ.

ಮಂದಿ ಬರತಾರ ಈಗ, ಸುಳ್ಳ್ಯಾಕ ಹೇಳಲಿ,
ಐತವಾರ ನಾಕು ಕೊಪ್ಪರಿಗಿ ಹಿಟ್ಟು ಸಾಲಂಗಿಲ್ಲ.
ಫೋನಿನ್ಯಾಗ ಚಿತ್ರಾ ತಗದು ಕೇಳತಾರ,
"ಈ ಅಜ್ಜ ಎಲ್ಲಿ ಕುಂದರತಾನ್ರಿ?"
ಬಾವಿ ಕಡೆ ಕೈ ಮಾಡತೀನಿ.
ಮೆಟ್ಟಿಲು ಇಳದು, ಹತ್ತಿ, ಹಸದು ಬರತಾರ.
"ಇಲ್ಲಲ್ರಿ?"
"ಇರತಿದ್ದನಲ್ಲ" ಅಂತೀನಿ,
ಉಳ್ಳಾಗಡ್ಡಿ ಹೆಚ್ಚಕೋತ.