ವೃತ್ತಿ

ತಿಂಗಳ ಮೊದಲ ವಾರ ನಾನೂ ಅವ್ವಮ್ಮನೂ
ಹಸಿರು ಕೋಟು ತೊಟ್ಟು ಹೊರಡುತ್ತೇವೆ,
ಶಿರಿಯಾ ಹೊಳೆಯ ಈಚೆ ದಡ, ನೂರ ಹನ್ನೆರಡು ಮನೆ.
ಹೆಗಲಿಗೊಂದು ಗೋಣಿ, ಗೋಣಿಯೊಳಗೆ ಮಡಚಿದ ಇನ್ನೊಂದು,
ಐವತ್ತು ರೂಪಾಯಿಯ ರಶೀದಿ ಪುಸ್ತಕ, ಒಂದು ಬಾಟ್ಲಿ ನೀರು.

ಗೋಡೆಗೆ ಅಂಟಿಸಿದ ಕಾರ್ಡು ಮಲಯಾಳದಲ್ಲಿ.
ದೇವಕಿಯಕ್ಕ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ
‘ಇದೆಂತ ಬರೆದದ್ದು ಜಲಜಾಕ್ಷೀ, ಓದಿ ಹೇಳು’ ಅಂದರು.
ಓದಿದೆ: ವೃತ್ತಿ.
‘ನನಗೆಂತ ವೃತ್ತಿ ಮಾರಾಯ್ತಿ,
ಬೀಡಿ ಕಟ್ಟುವುದು ಬಿಟ್ಟು ಹತ್ತು ವರ್ಷ ಆಯಿತು!’
ಹಾಗಲ್ಲ ಅಕ್ಕಾ. ಅವರ ಭಾಷೆಯಲ್ಲಿ ಅದು ಚೊಕ್ಕ ಎಂದು.
ನಮ್ಮದರಲ್ಲಿ ಕೆಲಸ.
ಅವ್ವಮ್ಮ ಗೋಣಿಯ ಬಾಯಿ ಬಿಚ್ಚುತ್ತಾ ನಕ್ಕಳು:
‘ನಮಗಿಬ್ಬರಿಗೆ ಎರಡೂ ಒಂದೇ ಅಲ್ಲವಾ.’

ಬೀಳುವುದನ್ನು ನೋಡಿ ಮನೆ ಯಾವುದೆಂದು ಹೇಳಬಲ್ಲೆ.
ಭಟ್ಟರ ಮನೆ ವಾರಿಜಕ್ಕನದ್ದು ಹಾಲಿನ ತೊಟ್ಟೆ,
ಕತ್ತರಿಸಿದ ಮೂಲೆ ತೊಟ್ಟೆಗೇ ಅಂಟಿಕೊಂಡಿರಬೇಕು,
ಚೂರು ಹಾರಿದ್ದಕ್ಕೆ ಗಂಡನನ್ನು ಬೈದದ್ದು ರಸ್ತೆವರೆಗೆ ಕೇಳಿದೆ.
ತೊಳೆದು, ಮಗುಚಿ, ಲಂಗಗಳ ನಡುವೆ
ಕ್ಲಿಪ್ಪು ಹಾಕಿ ಹಗ್ಗದಲ್ಲಿ ನೇತಾಡಿಸಿದ್ದು.
ಒಣಮೀನಿನ ಹಾಗೆ ಕಾಣುತ್ತದೆ ಅಂದೆ ಒಮ್ಮೆ,
ಆ ತಿಂಗಳು ಮಜ್ಜಿಗೆ ಸಿಗಲಿಲ್ಲ.

ಹಾಜಿಯವರಲ್ಲಿ ಮದುವೆ ಮುಗಿದ ವಾರ
ನಾಲ್ಕು ಗೋಣಿ ಪೇಪರ್ ಗ್ಲಾಸೆಂದು ಹೆದರಿ ಹೋದದ್ದು,
ಅರ್ಧವೂ ತುಂಬಲಿಲ್ಲ.
ಮುದುಕಿ ಉಮ್ಮಾಲಿಮ್ಮ ಹಟ ಹಿಡಿದು ಎಲ್ಲೆಲ್ಲಿಂದಲೋ
ಆರುನೂರು ಸ್ಟೀಲಿನ ಲೋಟ ತರಿಸಿದರಂತೆ:
‘ತೊಳೆಯಲು ಕೈ ಇಲ್ಲದವರಿಗೆ ಬಿರಿಯಾನಿ ಯಾಕೆ?’

ಏನೂ ಇಲ್ಲ ಎನ್ನುವುದರಲ್ಲಿ ಎರಡು ನಮೂನೆ ಉಂಟು.
ದೇವಕಿಯಕ್ಕನದ್ದು ನಿಜವಾಗಿ ಏನೂ ಇಲ್ಲ.
ಮೀನಿಗೆ ತಪಲೆ, ಗಾಣದ ಎಣ್ಣೆಗೆ ಅದೇ ಹಳೆ ಬಾಟ್ಲಿ,
ಅಕ್ಕಚ್ಚು ಬೇಲಿಯಾಚೆಯ ದನಕ್ಕೆ,
ಉಳಿದದ್ದು ತೆಂಗಿನ ಬುಡಕ್ಕೆ.
ಒಂದೇ ಒಂದು ಬಿಸ್ಕೂಟಿನ ಕಾಗದ ನೀವಿ ನೀವಿ ಕೊಟ್ಟು
‘ಈ ಸಲ ಇಷ್ಟೇ’ ಎಂದು ನಾಚುತ್ತಾರೆ,
ನೆಂಟರಿಗೆ ಚಾಕ್ಕೆ ಹಾಲು ಇಲ್ಲದವರ ಹಾಗೆ.

ಆಟೋದ ಸದಾಶಿವನದ್ದು ಬೇರೆ.
ಅವನ ಬಚ್ಚಲೊಲೆಯ ಬೂದಿ ಕೆದಕಿದೆ ಒಂದು ದಿನ:
ಕರಗಿ ಗಂಟಾದ ಕರಿ ಮುದ್ದೆ.
ಎಲ್ಲರೆದುರು ಬೈದೆ. ಫೋಟೋ ತೆಗೆದೆ.
ಪಂಚಾಯತಿಗೆ ಹೇಳುತ್ತೇನೆಂದು ಹೆದರಿಸಿದೆ.
ಅವನ ಹೆಂಡತಿ ಬಾಗಿಲ ಹಿಂದೆ ನಿಂತೇ ಇದ್ದಳು.

ಇನ್ನು ನನ್ನದು.
ಆಟಿಯ ಒಂದು ಬೆಳಗ್ಗೆ, ಮಡಲು ಒದ್ದೆ, ಕೊತ್ತಳಿಗೆ ಒದ್ದೆ,
ಏಳೂಮುಕ್ಕಾಲಿನ ಬಸ್ಸಿಗೆ ಮೊದಲು ಮಗಳು ಮೀಯಬೇಕು,
ಬೆಂಕಿಕಡ್ಡಿ ಆರನೆಯದು.
ಹಾಲಿನ ತೊಟ್ಟೆ, ಒಂದು, ಒಂದೇ ಒಂದು, ತುರುಕಿದೆ.
ಎಷ್ಟು ಬೇಗ ಹಿಡಿಯಿತು!
ಅಂಚಿನಲ್ಲಿ ನೀಲಿ, ತೊಟ್ಟಿಕ್ಕುವಾಗ ಸುಯ್ ಎಂಬ ಸದ್ದು.
ಚಂದ ಇತ್ತು, ಸುಳ್ಳು ಯಾಕೆ ಹೇಳಲಿ.
ಒಳಗಿಂದ ಮಗಳು ಕೇಳಿದಳು:
‘ಅಮ್ಮಾ, ಸದಾಶಿವ ಮಾಮ ಬಂದಿದ್ದಾರಾ?’

ಮುಂದಿನ ತಿಂಗಳು ಅವನಲ್ಲಿಗೆ ಹೋಗುವಾಗ
ಅಟ್ಟದಲ್ಲಿ ಒಣಗಿಸಿದ ತೆಂಗಿನ ನಾರು ಒಂದು ಚೀಲ ಒಯ್ದೆ.
ಯಾಕೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.
ಹೆಂಡತಿ ಹೊರಬಂದು ಏಳು ತೊಟ್ಟೆ ಕೊಟ್ಟಳು,
ತೊಳೆಯದ್ದು, ಹುಳಿ ನಾತ.
ತೊಳೆದು ಕೊಡಬೇಕು ಎನ್ನಲು ಬಾಯಿ ತೆರೆದೆ.
ಅಷ್ಟರಲ್ಲಿ ಅವ್ವಮ್ಮ ಬಸಳೆ ಚಪ್ಪರದ ಬುಡದಲ್ಲಿ ಕೂತು
ನಮ್ಮ ಕುಡಿಯುವ ನೀರಲ್ಲೇ ಒಂದೊಂದಾಗಿ ಅಲುಬತೊಡಗಿದ್ದಳು.
ಬಿಳಿ ನೀರು ಬೇರಿಗೆ ಇಳಿಯಿತು.

ರಶೀದಿ ಬರೆಯಲು ಪೆನ್ನು ತೆಗೆದೆ.
ಬರೆಯುವ ಮೊದಲು, ಯಾರೂ ನೋಡದ ಹಾಗೆ,
ಕೈ ಮೂಸಿದೆ.