ಮೂರನೆಯ ರಾತ್ರಿಯ ನಡಾವಳಿ

ಬರೆದುಕೊಳ್ಳುವವಳು ನಾನು, ಶರೀಪಾ, ಶೀಘ್ರಲಿಪಿಗಾರ್ತಿ.
ಅಭಿಪ್ರಾಯ ಇರಕೂಡದು ನನಗೆ, ಪೆನ್ಸಿಲ್ ಇದ್ದರೆ ಸಾಕು.

ಖ್ವಾರಜ್ಮ್ ಗಣರಾಜ್ಯ, ಅರವತ್ತೊಂದನೆಯ ವರ್ಷ,
ರಾಜಧಾನಿ ಮುಯ್ನಾಕ್, ಮಹಾಸಭೆಯ ಮೂರನೆಯ ರಾತ್ರಿ.
ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿದ್ದಾರೆ.
ಆದರೂ ಉಪ್ಪಿನ ದೂಳು ಹೇಗೋ ಒಳಬಂದು
ಅಧ್ಯಕ್ಷರ ಗಂಟೆಯ ಮೇಲೆ ಕೂತಿದೆ;
ಬಾರಿಸಿದಾಗಲೆಲ್ಲ ಸದ್ದಿಗಿಂತ ಮೊದಲು ದೂಳು ಏಳುತ್ತದೆ.

ಪ್ರಶ್ನೆ ಒಂದೇ ಸಾಲಿನದು:
ರಾಜಧಾನಿಯನ್ನು ಇಲ್ಲಿಂದ ಎತ್ತಬೇಕೆ, ಬೇಡವೆ?

ಮೊದಲು ಎದ್ದವರು ಬಂದರು ಖಾತೆಯ ಯೆರ್ನಜರ್.
ಬಂದರಿಲ್ಲದ ಖಾತೆ; ಸಂಬಳ ಮಾತ್ರ ತಪ್ಪದೆ ಬರುತ್ತದೆ.
"ಕಡಲು ಮೂವತ್ತೆಂಟು ಕಿಲೋಮೀಟರು ಹೋಗಿದೆ,
ನಾವೂ ಅಷ್ಟು ಹೋಗೋಣ."
"ಅದು ಮತ್ತೆ ಹೋದರೆ?" ಹಿಂದಿನ ಸಾಲಿನಿಂದ ಯಾರೋ.
"ಮತ್ತೆ ಹೋಗೋಣ. ನಮ್ಮಜ್ಜಂದಿರು ಕುರಿಯ ಹಿಂದೆ ಹೋಗಲಿಲ್ಲವೆ?"
ನಗು, ಎಂದು ಬರೆದೆ.
ನಕ್ಕವರು ಮೂವರು.

ಖೀವಾದ ಸದಸ್ಯರಿಗೆ ಖೀವಾವೇ ಬೇಕು:
ಕೋಟೆಯಿದೆ, ನೆರಳಿದೆ, ಸಿಹಿನೀರಿನ ಬಾವಿಯಿದೆ,
ಖಾನರು ಕೂರುತ್ತಿದ್ದ ಕಟ್ಟೆ ಇನ್ನೂ ಬೆಚ್ಚಗಿದೆ.
"ಬೆಚ್ಚಗಿದೆ ಅಂತಲೇ ಅಲ್ಲಿಂದ ಓಡಿ ಬಂದದ್ದು,"
ಅಂದಳು ಮೀನಿನ ಕಾರ್ಖಾನೆಯ ಬೀಬಿರಾಬಿಯಾ.
"ರಾಜನಿಲ್ಲದ ರಾಜಧಾನಿ ಬೇಕೆಂದು ನನ್ನಮ್ಮ
ಇಟ್ಟಿಗೆ ತಂದಳು ಇಲ್ಲಿಗೆ, ತುಂಬು ಬಸುರಿ, ದೋಣಿಯಲ್ಲಿ.
ಆ ದೋಣಿ ನಿಂತಿದೆ ನೋಡಿ ಅಂಚೆ ಕಚೇರಿಯ ಹಿಂದೆ,
ಅದರ ನೆರಳಲ್ಲಿ ಒಂಟೆ ಮಲಗುತ್ತದೆ."
"ನಿಮ್ಮ ಕಾರ್ಖಾನೆಗೆ ಮೀನೆಲ್ಲಿಂದ?"
"ಬಾಲ್ಟಿಕ್‌ನಿಂದ. ರೈಲಿನಲ್ಲಿ. ಮಂಜುಗಡ್ಡೆಯೊಳಗೆ.
ನಮಗೋಸ್ಕರ ಮೀನೇ ಅಷ್ಟು ದೂರ ಬರುತ್ತಿರುವಾಗ
ನಾವೆಲ್ಲಿಗೆ ಹೋಗೋದು, ಸ್ವಾಮಿ?"

ಆಮೇಲೆ ಕಾಲುವೆ ಇಂಜಿನಿಯರು ಖುದಾಯ್ಬೆರ್ಗೆನ್.
ಊರು ಹೋಗೆನ್ನುವ, ಕಾಡು ಬಾ ಎನ್ನುವ ವಯಸ್ಸು;
ಈಗ ಊರಿಗೂ ಅದೇ ವಯಸ್ಸು.
ನಿಂತರು. ಬಹಳ ಹೊತ್ತು ಏನೂ ಅನ್ನಲಿಲ್ಲ.
ಮೌನಕ್ಕೆ ನಮ್ಮ ಲಿಪಿಯಲ್ಲಿ ಗುರುತಿಲ್ಲ,
ಪೆನ್ಸಿಲ್ಲಿನ ಮೊನೆ ಹಾಳೆಯ ಮೇಲೆ ಸುಮ್ಮನೆ ಕಾದಿತ್ತು.

"ಉತ್ತರದ ದೊಡ್ಡವರು ಇಪ್ಪತ್ತನಾಲ್ಕರಲ್ಲಿ ನಮ್ಮನ್ನು ನುಂಗಿದ್ದರೆ
ಇವತ್ತು ದೂರಲು ಒಂದು ದೂರದ ಊರಾದರೂ ಇರುತ್ತಿತ್ತು.
ನುಂಗಲಿಲ್ಲ. ಆಮೂ ನದಿಯನ್ನು ಹತ್ತಿಯ ಕಡೆಗೆ ತಿರುವಿದ್ದು
ಈ ಸಭೆ, ಈ ಮೇಜು, ಅವಿರೋಧವಾಗಿ.
ಗುದ್ದಲಿ ನನ್ನದು. ಚಪ್ಪಾಳೆ ನಿಮ್ಮದು.
ಉಪ್ಪು ತಿಂದವರು ನೀರು ಕುಡಿಯಲೇಬೇಕು;
ಉಪ್ಪು ಇಲ್ಲೇ ಇದೆ. ನೀರು ಯಾವ ಊರಲ್ಲಿದೆ ಹೇಳಿ,
ಒಯ್ಯೋಣ ಅಲ್ಲಿಗೆ ರಾಜಧಾನಿಯನ್ನು.
ಹೋದಲ್ಲೂ ನಾವು ನಾವೇ ಆಗಿರುತ್ತೇವೆ, ಅದೊಂದು ತೊಂದರೆ."

ನಡುರಾತ್ರಿ ಮತದಾನ. ನಮ್ಮ ಪದ್ಧತಿ ಹಳೆಯದು:
ಎತ್ತಬೇಕೆಂದರೆ ಹತ್ತಿಬೀಜ,
ಬೇಡವೆಂದರೆ ಮೀನಿನ ಬೆನ್ನೆಲುಬಿನ ಒಂದು ಮಣಿ.
ಮಣಿಗಳೆಲ್ಲ ಸವೆದು ಹಳದಿಯಾಗಿವೆ, ಹೊಸ ಮೀನಿನದು ಒಂದೂ ಇಲ್ಲ.
ಗುಟ್ಟಿನ ಮತವೆಂದು ಹೆಸರು, ಆದರೆ ತಗಡಿನ ಡಬ್ಬಿ:
ಬೀಜ ಮೆತ್ತಗೆ ಬೀಳುತ್ತದೆ, ಮೂಳೆ ಟಣ್ಣೆನ್ನುತ್ತದೆ.
ಖುದಾಯ್ಬೆರ್ಗೆನ್ ಕೈಯಿಟ್ಟಾಗ ಸದ್ದೇ ಬರಲಿಲ್ಲ.

ಎಣಿಸಿದರು. ನಲವತ್ತು, ನಲವತ್ತು.
ಡಬ್ಬಿಯ ತಳದಲ್ಲಿ ಒಂದು ಚಿಟಿಕೆ ಉಪ್ಪು.

ಅಸಿಂಧು, ಅಂದರು ಯೆರ್ನಜರ್.
ಇವತ್ತಿನ ಸರಿಯಾದ ಮತ ಇದೊಂದೇ, ಅಂದಳು ಬೀಬಿರಾಬಿಯಾ.
ಉಪ್ಪು ಯಾರ ಕಡೆಯೆಂದು ನಿಯಮಾವಳಿ ತಿರುವಿದರು,
ಪುಟಗಳ ನಡುವಿನಿಂದ ಇನ್ನಷ್ಟು ಉದುರಿತು.
ಯಾರೂ ಹಾಕದೆ ಗಾಳಿಯೇ ತಂದದ್ದೂ ಇರಬಹುದು.
ಮುದುಕರನ್ನು ಕೇಳೋಣವೆಂದರೆ ಅವರು ಎದ್ದು ಹೋಗಿದ್ದರು.
ಸಭೆ ನಾಳೆಗೆ.

ನನಗೆ ಅಭಿಪ್ರಾಯವಿಲ್ಲ.
ಈ ವಾರದಲ್ಲಿ ಮೂರು ಸಲ ಟ್ರಂಕು ಕಟ್ಟಿ ಮೂರು ಸಲ ಬಿಚ್ಚಿದ್ದೇನೆ,
ಮಗಳು ಕೇಳುವುದನ್ನೂ ಬಿಟ್ಟಿದ್ದಾಳೆ.

ಬೆಳಗ್ಗೆ ಆರಕ್ಕೆ ನೀರಿನ ಲಾರಿ.
ಸಾಲಿನಲ್ಲಿ ನನ್ನ ಹಿಂದೆ ಯೆರ್ನಜರ್, ಕೈಯಲ್ಲಿ ಸೊಟ್ಟ ಬಕೆಟ್ಟು,
ನಿದ್ದೆಯಿಲ್ಲದ ಕಣ್ಣು.
ಸ್ವಲ್ಪ ಹೊತ್ತಿಗೆ, ತಗ್ಗಿದ ದನಿಯಲ್ಲಿ:
"ನಗು ಅಂತ ಬರೆದಿರಲ್ಲ,
ಎಷ್ಟು ಜನ ಅಂತ ಬರೆದಿದ್ದೀರಾ?"
ಇಲ್ಲ, ಅಂದೆ.
ಸಾಲು ಒಂದು ಹೆಜ್ಜೆ ಮುಂದೆ ಹೋಯಿತು.